ಹಳೆಯ ಬೀದರಿನ ಫೋಟೊಗಳನ್ನು ಎಲ್ಲಿ ಹಾಕಿದರೆ ಜನ ಬಾಯಿ ಬಿಡುತ್ತಾರೆ?

ಡ್ರಾಯಿಂಗ್ ಮಾಸ್ತರ, ಬೀದರ್:

ಎಲ್ಲರಿಗೂ ಶರಣು. ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ರೀಲು ಹಾಕುವ ಕ್ಯಾಮೆರಾ ಇದ್ದ ಕಾಲದಿಂದಲೂ ಊರಿನ ಫೋಟೊ ತೆಗೆದಿಟ್ಟಿದ್ದೇನೆ. ಚೌಬಾರಾ ಸುತ್ತಲಿನ ಅಂಗಡಿಗಳು, ಗವಾನ್ ಮದರಸಾದ ಮಿನಾರು, ಅಷ್ಟೂರಿನ ಗುಮ್ಮಟಗಳು, ನರಸಿಂಹ ಝರಣಿಯ ನೀರಿಗೆ ಇಳಿಯುವ ಭಕ್ತರು, ಹೀಗೆ ಪೆಟ್ಟಿಗೆ ತುಂಬಾ ಇವೆ. ಮೊಮ್ಮಗ ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಟ್ಟಿದ್ದಾನೆ.

ಕೋಟೆಯ ಫೋಟೊಗಳಿಗೆ ಯಾರ ಸಹಾಯವೂ ಬೇಡ. ಕೋಟೆ ಅಲ್ಲಿಯೇ ಇದೆ, ಹೋಗಿ ಹೋಲಿಸಿ ನೋಡಬಹುದು. ತೊಡಕಿರುವುದು ಓಣಿಗಳದ್ದು. ಬಾಗಿಲಲ್ಲಿ ಕುಳಿತು ಬಿದರಿ ಹೂಜಿಯ ಮೇಲೆ ಬೆಳ್ಳಿ ತಂತಿ ಕೂರಿಸುತ್ತಿರುವ ಈ ಮುದುಕ ಯಾರು? ಈ ಕಮಾನು ಯಾವ ಓಣಿಯದು? ರಸ್ತೆ ಅಗಲವಾದ ಮೇಲೆ ಗುರುತು ಹಿಡಿಯಲು ನನಗೂ ಆಗುತ್ತಿಲ್ಲ.

ಮೊಮ್ಮಗ ಇನ್‌ಸ್ಟಾಗ್ರಾಮ್ ಎನ್ನುತ್ತಾನೆ, ಅಳಿಯ ಫೇಸ್‌ಬುಕ್ ಎನ್ನುತ್ತಾನೆ. ಪಕ್ಕದ ಮನೆಯವರಿಗೆ ವಾಟ್ಸ್‌ಆ್ಯಪ್ ಬಿಟ್ಟರೆ ಜಗತ್ತೇ ಇಲ್ಲ. ನನಗೆ ಹೊಗಳಿಕೆ ಬೇಡ, ಕೆಂಪು ಹೃದಯವೂ ಬೇಡ. ‘ಮಾಸ್ತರರೇ, ಇದು ನಮ್ಮ ಅಜ್ಜನ ಅಂಗಡಿ’ ಎಂದು ಒಬ್ಬರಾದರೂ ಹೇಳಬೇಕು. ಅಂಥವರು ಎಲ್ಲಿರುತ್ತಾರೆ?

ಯಾದಗಿರಿಯ ಬಿ.ಎ. ವಿದ್ಯಾರ್ಥಿನಿ:

ನಮಸ್ಕಾರ ಸರ್. ನಾನು ನಿಮ್ಮ ಮೊಮ್ಮಗನ ಪಕ್ಷ. ಇನ್‌ಸ್ಟಾಗ್ರಾಮ್‌ನಲ್ಲಿ ನನ್ನ ಪರಿಚಯವೇ ಇಲ್ಲದವರಿಗೂ ನನ್ನ ರೀಲ್ಸ್ ತಲುಪುತ್ತದೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮೇಲೆ ಮೋಡ ಇಳಿದಿದ್ದನ್ನು ಹಾಕಿದಾಗ, ಪುಣೆ, ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಕಡೆಯ ಹುಡುಗರೇ ಹೆಚ್ಚು ಬರೆದರು. ‘ಊರು ನೆನಪಾಯಿತು ಅಕ್ಕಾ’ ಎಂದು. ಫೇಸ್‌ಬುಕ್‌ನಲ್ಲಿ ನನ್ನ ವಯಸ್ಸಿನವರು ಖಾತೆ ಇಟ್ಟಿರುತ್ತಾರೆ, ಆದರೆ ಅಲ್ಲಿ ಮಾವ, ಕಾಕಾ, ಕಾಲೇಜಿನ ಸರ್ ಎಲ್ಲರೂ ಇರುತ್ತಾರಲ್ಲ, ಬಾಯಿ ತೆರೆಯಲು ಸಂಕೋಚ. ಚಿಕ್ಕ ರೀಲ್ಸ್ ಮಾಡಿ, ಹಿಂದೆ ನಿಮ್ಮದೇ ದನಿ ಇರಲಿ.

ನೆಟ್ ಅಂಗಡಿಯವ, ಕಲಬುರಗಿ:

ಮಾಸ್ತರರೇ, ನಮ್ಮದು ಸೂಪರ್ ಮಾರ್ಕೆಟ್ ಕಡೆಯ ಹಳೆಯ ಸೈಬರ್ ಕೆಫೆ. ಈಗ ಹೆಸರಷ್ಟೇ ಕೆಫೆ, ಕೆಲಸವೆಲ್ಲ ಪಹಣಿ ಪ್ರಿಂಟು, ವಿದ್ಯಾರ್ಥಿವೇತನದ ಅರ್ಜಿ. ಜನರ ಬೆನ್ನ ಹಿಂದೆ ನಿಂತು ಎಲ್ಲ ಜಾಲತಾಣಗಳನ್ನೂ ನೋಡಿದವನು ನಾನು.

ಒಂದು ಕಾಲಕ್ಕೆ ಸಂಜೆಯಾದರೆ ಯಾವ ಪರದೆ ನೋಡಿದರೂ ಆರ್ಕುಟ್. ಗೂಗಲ್ ಅದನ್ನು 2004ರಲ್ಲಿ ತೆರೆಯಿತು. ಅಲ್ಲಿಯೇ ಎಂಜಿನಿಯರ್ ಆಗಿದ್ದ ಆರ್ಕುಟ್ ಎಂಬ ತುರ್ಕಿಯವನ ಹೆಸರನ್ನೇ ಇಟ್ಟಿದ್ದರು. ಅದರ ಸೆಳೆತ ಏನೆಂದರೆ, ನನ್ನ ಪುಟಕ್ಕೆ ಯಾರು ಬಂದು ಹೋದರು ಎಂಬುದು ಕಾಣುತ್ತಿತ್ತು. ಹುಡುಗರು ಮೊದಲು ನೋಡುತ್ತಿದ್ದುದೇ ಅದನ್ನು! ಗೆಳೆಯನ ಪುಟದಲ್ಲಿ ಬರೆದ ಸಂದೇಶವನ್ನು, ಅಂದರೆ ಸ್ಕ್ರ್ಯಾಪನ್ನು, ದಾರಿಹೋಕರೂ ಓದುತ್ತಿದ್ದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು, ಆದರೂ ಬರೆಯುತ್ತಿದ್ದರು; ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಕೂತವನು ಸುಮ್ಮನೆ ಬೆರಳಾಡಿಸುತ್ತ ಕೂರುವುದಿಲ್ಲ. ನಿಮಗೆ ಬೇಕಾದದ್ದು ಅಲ್ಲಿನ ‘ಕಮ್ಯುನಿಟಿ’. ಒಂದು ಪ್ರಶ್ನೆ ಕೇಳಿದರೆ ಅದರ ಕೆಳಗೇ ಉತ್ತರಗಳು ಸಾಲಾಗಿ ನಿಲ್ಲುತ್ತಿದ್ದವು, ತಿಂಗಳ ಮೇಲೆ ಒಬ್ಬ ಬಂದು ಬರೆದರೂ ಪ್ರಶ್ನೆ ಮತ್ತೆ ಮೇಲೇರುತ್ತಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಅದನ್ನು ಮುಚ್ಚಿದರು. ಅಷ್ಟರೊಳಗೆ ಮೊಬೈಲ್ ಬಂದು ನನ್ನ ಕುರ್ಚಿಗಳೂ ಖಾಲಿಯಾಗಿದ್ದವು.

ಇನ್‌ಸ್ಟಾಗ್ರಾಮ್ ಬಗ್ಗೆ ಆ ತಂಗಿ ಹೇಳಿದ್ದು ನಿಜ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಮರುತಿಂಗಳೇ ಇಲ್ಲಿ ರೀಲ್ಸ್ ಶುರುವಾಯಿತು, ಜನ ಅತ್ತ ನುಗ್ಗಿದರು. ಆದರೆ ಅದು ಜಾತ್ರೆಯ ಬಳೆ ಅಂಗಡಿ: ನಿಲ್ಲುತ್ತಾರೆ, ನೋಡುತ್ತಾರೆ, ಹಿಂದಿನವರು ನೂಕಿದರೆ ಮುಂದೆ ಹೋಗುತ್ತಾರೆ. ನಿಮ್ಮ ಕಮಾನನ್ನು ಯಾರಿಗೆ ತೋರಿಸಬೇಕೆಂದು ಯಂತ್ರವೇ ನಿರ್ಧರಿಸುತ್ತದೆ. ಅದಕ್ಕೆ ಬೀದರಿನ ಓಣಿಯ ಗೊಡವೆ ಇಲ್ಲ.

ಇನ್ನೊಂದು ವಿಷಯ. ನಿಮ್ಮ ಓಣಿಯನ್ನು ಗುರುತಿಸಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಅವರಲ್ಲಿ ಎಷ್ಟೋ ಮಂದಿಗೆ ಓದು ಬರಹ ಬಾರದು. ಆಳಂದ ಕಡೆಯ ಒಬ್ಬ ತಾಯಿ ಪಿಂಚಣಿಯ ಕೆಲಸಕ್ಕೆ ನನ್ನಲ್ಲಿಗೆ ಬರುತ್ತಾರೆ. ಮಗ ಮುಂಬೈಯಲ್ಲಿ ಗಾರೆ ಕೆಲಸ. ಅವರ ಮೊಬೈಲಿನಲ್ಲಿ ಎರಡೇ ಎರಡು ನಡೆಯುತ್ತವೆ. ಒಂದು ವಾಟ್ಸ್‌ಆ್ಯಪ್‌ನ ದನಿ ಸಂದೇಶ, ಇನ್ನೊಂದು ಯೂಟ್ಯೂಬ್. ಮೈಕ್ ಒತ್ತಿ ‘ಭಜನಿ ಪದ’ ಎಂದರೆ ಸಾಕು, ಬರುತ್ತದೆ. ಸೊಸೆಯ ಜೊತೆ ಜಗಳವಾಡುವುದೂ ದನಿ ಸಂದೇಶದಲ್ಲಿಯೇ. ಬಯಸಿದಷ್ಟು ಸಲ ಕೇಳಿಸಿಕೊಂಡು, ಯೋಚಿಸಿ ಉತ್ತರ ಕೊಡಬಹುದಂತೆ! ಇಂಥವರಿಗೆ ಫೇಸ್‌ಬುಕ್‌ನ ಗುಂಪು ಯಾವ ಲೆಕ್ಕ? ಅವರನ್ನು ತಲುಪುವ ದಾರಿ ಮನೆಯ ಹುಡುಗರ ಕೈಯ ಮೊಬೈಲು.

ಹಾಗಾಗಿ ಊರಿನ ಫೇಸ್‌ಬುಕ್ ಗುಂಪಿನಲ್ಲಿ ಒಂದು ಸಲಕ್ಕೆ ಒಂದೇ ಫೋಟೊ ಹಾಕಿ, ಒಂದೇ ಪ್ರಶ್ನೆ ಕೇಳಿ. ನಲವತ್ತು ದಾಟಿದವರು ಅಲ್ಲಿಯೇ ಇದ್ದಾರೆ. ‘ಮನೆಯ ಹಿರಿಯರಿಗೆ ತೋರಿಸಿ, ಅವರು ಹೇಳಿದ್ದನ್ನು ದನಿಯಲ್ಲಿಯೇ ಕಳಿಸಿ’ ಎಂದು ಬರೆಯಿರಿ. ಅದೇ ಫೋಟೊವನ್ನು ವಾಟ್ಸ್‌ಆ್ಯಪ್‌ಗೂ ಬಿಡಿ. ಅಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು, ಬಹಳ ಸುತ್ತಿದ ಸಂದೇಶವಾದರೆ ಒಂದೇ ಕಡೆಗೆ. ಕೈಯಿಂದ ಕೈಗೆ ಹೋಗುವಾಗ ತೆಗೆದವರು ಯಾರೆಂಬುದೇ ಕಳೆದುಹೋಗುತ್ತದೆ. ಫೋಟೊದ ಅಂಚಿನಲ್ಲಿ ನಿಮ್ಮ ಹೆಸರು, ಒಂದು ಕ್ರಮಸಂಖ್ಯೆ ಇರಲಿ.

ಹುಮನಾಬಾದಿನವ, ಸದ್ಯ ಹೈದರಾಬಾದ್:

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಇವೆಲ್ಲ ಮಾತಿಗೆ ಸರಿ, ಜೋಪಾನಕ್ಕಲ್ಲ. ಆರ್ಕುಟ್ ಹೋಯಿತು, ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ, ಟ್ವಿಟರ್‌ನಂಥ ಜಾಲತಾಣ ‘ಕೂ’ ಕೂಡ 2024ರಲ್ಲಿ ಮುಚ್ಚಿತು. ಸ್ಮಾರಕಗಳ ಫೋಟೊಗಳನ್ನು ವಿಕಿಪೀಡಿಯದ ಚಿತ್ರ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಪೂರ್ಣ ಗಾತ್ರದಲ್ಲಿ ಏರಿಸಿ. ಒಂದೇ ಎಚ್ಚರ: ಅಲ್ಲಿ ಹಾಕಿದ್ದನ್ನು ನಿಮ್ಮ ಹೆಸರು ಹೇಳಿ ಯಾರಾದರೂ ಬಳಸಬಹುದು, ವ್ಯಾಪಾರಕ್ಕೂ. ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ಜನರ ಮುಖ ಕಾಣುವ ಫೋಟೊಗಳನ್ನು ಅಲ್ಲಿಗೆ ಬಿಡಬೇಡಿ.

ಡ್ರಾಯಿಂಗ್ ಮಾಸ್ತರ, ಬೀದರ್:

ಎಲ್ಲರಿಗೂ ವಂದನೆ. ಯಾದಗಿರಿಯ ಮಗಳೇ, ನನ್ನ ದನಿ ಹಿನ್ನೆಲೆಗೆ ಹಾಕಿದರೆ ಇದ್ದ ನೋಡುಗರೂ ಎದ್ದು ಹೋಗುತ್ತಾರೆ. ನನ್ನ ತರಗತಿಯಲ್ಲಿ ಕೂತಿದ್ದವರನ್ನು ಕೇಳು. ಆದರೆ ಪುಣೆಯ ಹುಡುಗರ ಮಾತು ಮನಸ್ಸಿಗೆ ತಾಗಿತು. ರೀಲ್ಸ್ ಮೊಮ್ಮಗನ ಪಾಲಿಗೆ ಬಿಟ್ಟಿದ್ದೇನೆ, ಕೋಟೆಯ ಚಿತ್ರಗಳನ್ನು ಅವನು ಏನಾದರೂ ಮಾಡಿಕೊಳ್ಳಲಿ. ಸ್ಮಾರಕಗಳನ್ನು ಕಾಮನ್ಸ್‌ಗೆ ಹಾಕಲು ನನ್ನ ಒಪ್ಪಿಗೆ ಇದೆ. ಅಷ್ಟೂರಿನ ಗುಮ್ಮಟವನ್ನು ಕ್ಯಾಲೆಂಡರಿಗೆ ಹಾಕಿ ಮಾರಿದರೂ ಸಂತೋಷವೇ.

ಓಣಿಗಳ ಮಟ್ಟಿಗೆ ನೆಟ್ ಅಂಗಡಿಯವರ ದಾರಿಯೇ ಸರಿ. ಬಿದರಿ ಮುದುಕನ ಫೋಟೊವನ್ನು ಮಾತ್ರ ಗುಂಪಿಗೆ ಹಾಕುವುದಿಲ್ಲ. ಪ್ರಿಂಟು ಹಿಡಿದು ಬಿದರಿ ಕೆಲಸದವರ ಅಂಗಡಿಗಳಿಗೆ ನಾನೇ ಹೋಗುತ್ತೇನೆ. ಮನೆಯವರು ಸಿಕ್ಕರೆ ಅವರನ್ನು ಕೇಳಿಯೇ ಮುಂದಿನ ಮಾತು.

ಒಂದು ಸಂದೇಹ: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅಂಗಡಿಯ ಬೋರ್ಡಿನ ಅಕ್ಷರಗಳು ಮಸುಕಾಗುತ್ತವೆ. ಏನು ಮಾಡಬೇಕು?

ನೆಟ್ ಅಂಗಡಿಯವ, ಕಲಬುರಗಿ:

ಪಿನ್ನಿನ ಗುರುತು ಒತ್ತಿ, ಗ್ಯಾಲರಿ ಬಿಟ್ಟು ‘ಡಾಕ್ಯುಮೆಂಟ್’ ಆರಿಸಿ, ಫೋಟೊವನ್ನು ಅಲ್ಲಿಂದ ಕಳಿಸಿ. ಗಾತ್ರ ಕುಗ್ಗುವುದಿಲ್ಲ, ಬೋರ್ಡು ಓದಬಹುದು. ಮೊದಲನೆಯದನ್ನು ಇಲ್ಲಿಗೂ ಹಾಕಿ ಮಾಸ್ತರರೇ, ನಮ್ಮ ಮಾವನವರು ಬೀದರಿನ ಶಹಾಗಂಜಿನಲ್ಲಿ ಬೆಳೆದವರು.