‘ಹೊಸಮನೆ ಬಳಗ’ದಲ್ಲಿ ಭಾನುವಾರ ನಡೆದ ಮೂತ್ರ ಪ್ರಕರಣ

ಶ್ರೀಧರ, ಬೆಳಿಗ್ಗೆ 6:42
(ಹಲವು ಬಾರಿ ಫಾರ್ವರ್ಡ್ ಆಗಿದೆ)
“ಶುಭ ಸುದ್ದಿ!! ಮೋಟಾರ್ ನ್ಯೂರಾನ್ ಕಾಯಿಲೆಯ ಪತ್ತೆಗೆ ಇನ್ನು ಬೆನ್ನಿನಿಂದ ನೀರು ತೆಗೆಯುವುದು ಬೇಡ, ಸ್ಕ್ಯಾನ್ ಬೇಡ. ಒಂದು ಲೋಟ ಮೂತ್ರ ಸಾಕು! ಆಸ್ಟ್ರೇಲಿಯಾದ ವಿಜ್ಞಾನಿಗಳ ಸಾಧನೆ. ಕೈ ಅದುರುವವರೆಲ್ಲ ತಕ್ಷಣ ಪರೀಕ್ಷೆ ಮಾಡಿಸಿಕೊಳ್ಳಿ. 10 ಜನರಿಗೆ ಕಳುಹಿಸಿ.”

ಶ್ರೀಧರ, 6:43
ವಾಣಿ, ನಿಮ್ಮ ಲ್ಯಾಬಿನಲ್ಲಿ ಇದನ್ನು ಮಾಡುತ್ತೀರಾ? ಅಣ್ಣನದ್ದು ಮಾಡಿಸೋಣ. ಪ್ರಸಾದನದ್ದೂ.

ಗಿರಿಜಾ, 7:05
ಲೋಟ ಎಂದೇ ಬರೆಯಬೇಕಿತ್ತೇ? ಕೈಯಲ್ಲಿ ಕಾಫಿ ಹಿಡಿದುಕೊಂಡು ಓದಿದೆ.

ವಾಣಿ, 7:31
ಮಾಡುವುದಿಲ್ಲ ಮಾವ. ಅದು ಇನ್ನೂ ಸಂಶೋಧನೆಯ ಮಟ್ಟದಲ್ಲೇ ಇದೆ. ಸುದ್ದಿ ಪೂರ್ತಿ ಸುಳ್ಳೂ ಅಲ್ಲ, ಅದೇ ತೊಂದರೆ. ಅಡಿಲೇಡ್‌ನ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಮೇರಿ-ಲೂಯಿಸ್ ರೋಜರ್ಸ್ ತಂಡ, ಮಿಯಾಮಿಯ ಮೈಕೆಲ್ ಬೆನಟಾರ್ ತಂಡ ಸೇರಿ 2017ರಲ್ಲಿ ಪ್ರಕಟಿಸಿದ ಕೆಲಸ. ಪಿ75 ಎಂಬ ಗ್ರಾಹಕವೊಂದಿದೆ, ಎಂದರೆ ಕೋಶದ ಮೇಲೆ ಕೂತು ಹೊರಗಿನ ಸಂಕೇತ ಹಿಡಿಯುವ ಪ್ರೋಟೀನು. ತಾಯಿಯ ಹೊಟ್ಟೆಯಲ್ಲಿರುವಾಗ ನಮ್ಮ ಚಲನ ನರಕೋಶಗಳಲ್ಲಿ (ಸ್ನಾಯುಗಳನ್ನು ಆಡಿಸುವವು, ಈ ಕಾಯಿಲೆಯಲ್ಲಿ ಸಾಯುವವು) ಹೇರಳವಾಗಿರುತ್ತದೆ, ಹುಟ್ಟಿದ ಮೇಲೆ ಕಡಿಮೆಯಾಗುತ್ತದೆ, ನರಕ್ಕೆ ಪೆಟ್ಟಾದರೆ ಮತ್ತೆ ತಲೆ ಎತ್ತುತ್ತದೆ. ಅದರ ಹೊರಭಾಗ ಕಳಚಿಕೊಂಡು ಮೂತ್ರದಲ್ಲಿ ಬರುತ್ತದೆ.

ಶ್ರೀಧರ, 7:34
ಹಾಗಾದರೆ ಸುದ್ದಿ ನಿಜವಾಯಿತಲ್ಲ! ಮೊದಲ ಮಾತಿಗೇ ಬಾಗಿಲು ಹಾಕಿದೆ ನೀನು.

ಪ್ರಸಾದ, 7:40
ನನ್ನನ್ನು ಯಾಕೆ ಎಳೆಯುತ್ತೀರಿ ಚಿಕ್ಕಪ್ಪ? ಹೆಬ್ಬೆರಳು ಅದುರಿದ್ದನ್ನು ನಾನು ಅತ್ತೆಗೆ ಮಾತ್ರ ಹೇಳಿದ್ದೆ.

ಗಿರಿಜಾ, 7:41
ನಾನು ಶ್ರೀಧರಣ್ಣನಿಗೆ ಮಾತ್ರ ಹೇಳಿದೆ.

ವಾಣಿ, 7:52
ಪ್ರಸಾದ, ಬೆರಳು ಅದುರುವುದು ಕಾಫಿ ಹೆಚ್ಚಾದರೂ ಆಗುತ್ತದೆ, ನಿದ್ದೆಗೆಟ್ಟರೂ ಆಗುತ್ತದೆ. ಬಲ ಕುಂದಿದ್ದರೆ ಮಾತ್ರ ನರವೈದ್ಯರ ಬಳಿ ಹೋಗು.
ಮಾವ, ಅಂಕಿಗಳನ್ನು ನೋಡಿ. 54 ರೋಗಿಗಳು, 45 ಆರೋಗ್ಯವಂತರು. ಮೂತ್ರದಲ್ಲೇ ಇರುವ ಕ್ರಿಯಾಟಿನಿನ್ ಎಂಬ ವಸ್ತುವಿನ ಪ್ರತಿ ಮಿಲಿಗ್ರಾಮಿಗೆ ರೋಗಿಗಳಲ್ಲಿ ಸರಾಸರಿ 5.6 ನ್ಯಾನೋಗ್ರಾಂ ಪಿ75, ಉಳಿದವರಲ್ಲಿ 3.6. ಆದರೆ 5.6ಕ್ಕೆ ಆಚೀಚೆ 2.2ರ ಹರವು, 3.6ಕ್ಕೆ 1.4ರ ಹರವು. ಪ್ರಸಾದನದ್ದು 4.5 ಬಂತು ಎನ್ನಿ, ಅವನನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ? ಇನ್ನೊಂದು, ಅಲ್ಲಿ ಹೋಲಿಸಿದ್ದು ಆರೋಗ್ಯವಂತರೊಂದಿಗೆ. ನರವೈದ್ಯರ ಮುಂದೆ ಬಂದು ಕೂರುವವರು ಆರೋಗ್ಯವಂತರಲ್ಲ. ಒಂದೇ ಕೈ ಸೊರಗಿ ಅಲ್ಲಿಗೇ ನಿಂತುಬಿಡುವ ಕಾಯಿಲೆಯೂ ಇದೆ, ನಿಮ್ಹಾನ್ಸ್‌ನವರೇ 1984ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಅದನ್ನೂ ಇದನ್ನೂ ಬೇರೆ ಮಾಡಿ ಹೇಳಿದರೆ ಅದು ಪತ್ತೆ.

ಶ್ರೀಧರ, 8:15
ನಿನ್ನ ಲೆಕ್ಕ ಸರಿ ಇರಬಹುದು. ನನ್ನದೊಂದು ಲೆಕ್ಕ ಕೇಳು. ಬೀಗದಕೈ ತಿರುಗಿಸಲು ಆಗುತ್ತಿಲ್ಲ ಎಂದು ಅಣ್ಣ ಹೇಳಿದ ದಿನದಿಂದ ಕಾಯಿಲೆಯ ಹೆಸರು ಕಿವಿಗೆ ಬೀಳುವವರೆಗೆ 14 ತಿಂಗಳು. ಕತ್ತಿನ ಮೂಳೆ ಸವೆದಿದೆ ಎಂದು ಪಟ್ಟಿ ಕಟ್ಟಿದರು. ಸಕ್ಕರೆ ಕಾಯಿಲೆಯ ನರ ಎಂದರು, ಅವನಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಒಬ್ಬರಂತೂ ಶಸ್ತ್ರಚಿಕಿತ್ಸೆಗೆ ದಿನವನ್ನೇ ಗೊತ್ತುಮಾಡಿದ್ದರು. ಆಗ ಒಂದು ಬಾಟಲಿ ಮೂತ್ರ “ಇದು ಮೂಳೆಯದ್ದಲ್ಲ” ಎಂದಿಷ್ಟು ಹೇಳಿದ್ದರೂ ನಮಗೆ ಸಾಕಿತ್ತು.

ವಾಣಿ, 8:29
ಅದಕ್ಕೆ ನನ್ನಲ್ಲಿ ಉತ್ತರವಿಲ್ಲ ಮಾವ.

ವಾಣಿ, 8:36
ಆದರೂ ಒಂದು ಮಾತು. ಮೂತ್ರ ಒಮ್ಮೆ ತಿಳಿಯಾಗಿರುತ್ತದೆ, ಒಮ್ಮೆ ಗಟ್ಟಿ. ಅದಕ್ಕಾಗಿ ಕ್ರಿಯಾಟಿನಿನ್‌ನಿಂದ ಭಾಗಿಸುತ್ತಾರೆ.

ಶ್ರೀಧರ, 8:38
ಕ್ರಿಯಾಟಿನಿನ್ ಎಂದರೆ ಕಿಡ್ನಿ. ನನಗೆ ವರ್ಷಕ್ಕೆರಡು ಸಲ ಮಾಡುತ್ತಾರೆ.

ವಾಣಿ, 8:44
ಹೊರಹಾಕುವುದು ಕಿಡ್ನಿ, ಹುಟ್ಟುವುದು ಸ್ನಾಯುವಿನಲ್ಲಿ. ಈ ಕಾಯಿಲೆಯಲ್ಲಿ ಸ್ನಾಯುವೇ ಕರಗುತ್ತದೆ, ಕ್ರಿಯಾಟಿನಿನ್ ಇಳಿಯುತ್ತದೆ. ಪಿ75 ಇದ್ದಷ್ಟೇ ಇದ್ದರೂ ಭಾಗಿಸಿದಾಗ ಅಂಕಿ ತಾನಾಗಿ ಏರುತ್ತದೆ.

ಗಿರಿಜಾ, 8:47
ಸಾರು ಉಪ್ಪಾಗಿದ್ದರೆ ಉಪ್ಪು ಹೆಚ್ಚಾಗಿದೆಯೋ ನೀರು ಇಂಗಿದೆಯೋ ಎಂದು ನೋಡಬೇಕಲ್ಲ, ಹಾಗೆ.

ಶ್ರೀಧರ, 8:58
ಗಿರಿಜಾ, 34 ವರ್ಷ ಬ್ಯಾಂಕಿನಲ್ಲಿ ಭಾಗಾಕಾರ ಮಾಡಿದವನು ನಾನು. ಉಪ್ಪು ಏರಿದರೂ ಕಾಯಿಲೆ ಬಲಿತಿದೆ, ನೀರು ಇಂಗಿದರೂ ಕಾಯಿಲೆ ಬಲಿತಿದೆ. ಅಂಕಿ ಏರಿತೋ ಇಲ್ಲವೋ? ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ನೋಡಲು ಅಷ್ಟು ಸಾಲದೇ?

ವಾಣಿ, 9:20
ಅರ್ಧ ಒಪ್ಪುತ್ತೇನೆ. ಆ ರೋಗಿಗಳಲ್ಲಿ ತಿಂಗಳಿಗೆ ಸುಮಾರು 0.19ರಂತೆ ಏರಿತ್ತು. ಹೊಸ ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಇಂಥ ಅಳತೆ ಬೇಕೇ ಬೇಕು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಯ ಟೋಫರ್ಸೆನ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟದ್ದೇ ರಕ್ತದಲ್ಲಿ ನ್ಯೂರೋಫಿಲಮೆಂಟ್ (ನರಕೋಶ ಹಾಳಾದಾಗ ಸೋರುವ ಪ್ರೋಟೀನು) ಇಳಿದದ್ದನ್ನು ನೋಡಿ. ಆದರೆ ಆ ಔಷಧ ಎಸ್‌ಒಡಿ1 ಜೀನಿನ ದೋಷ ಇರುವವರಿಗೆ ಮಾತ್ರ, ನೂರು ರೋಗಿಗಳಲ್ಲಿ ಇಬ್ಬರಿಗೆ. ನಾನು ಬೇಡ ಎನ್ನುತ್ತಿರುವುದು “ಕೈ ಅದುರುವವರೆಲ್ಲ” ಎಂಬ ಆ ಒಂದು ಸಾಲನ್ನು. ಅದನ್ನು ಓದಿ ಇವತ್ತು ಎಷ್ಟು ಪ್ರಸಾದರು ಹೆದರಿ ಕುಳಿತಿರುತ್ತಾರೋ.

ಪ್ರಸಾದ, 9:22
ನಾನೇನೂ ಹೆದರಿಲ್ಲ.

ಗಿರಿಜಾ, 9:31
ಅಣ್ಣ ಟೈಪ್ ಮಾಡುತ್ತಿದ್ದಾನೆ ಎಂದು ಹತ್ತು ನಿಮಿಷದಿಂದ ತೋರಿಸುತ್ತಿದೆ. ಎಲ್ಲರೂ ಸ್ವಲ್ಪ ಸುಮ್ಮನಿರಿ.

ರಾಮಣ್ಣ, 9:46
ಮೂತ್ರ ನನ್ನದು. ನನ್ನನ್ನು ಯಾರೂ ಕೇಳಲಿಲ್ಲ.

ರಾಮಣ್ಣ, 10:03
ಪತ್ತೆಯ ಮಾತು ಬಿಡು ಶ್ರೀಧರ, ನನ್ನದು ಪತ್ತೆಯಾಗಿದೆ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ 12 ಪ್ರಶ್ನೆ ಕೇಳುತ್ತಾರೆ. ಬರೆಯುತ್ತೀರಾ, ನುಂಗುತ್ತೀರಾ, ಮೆಟ್ಟಿಲು ಹತ್ತುತ್ತೀರಾ. ಒಟ್ಟು 48 ಅಂಕ. ಕಳೆದ ಸಲ 33.

ರಾಮಣ್ಣ, 10:21
ಸುಮಿತ್ರಾ ಪಕ್ಕದಲ್ಲಿ ಕುಳಿತಿರುತ್ತಾಳೆ. ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ ಎಂದು ಸುಳ್ಳು ಹೇಳುತ್ತೇನೆ. ಮೂತ್ರವಾದರೆ ಹಾಗೆ ಹೇಳುವುದಿಲ್ಲ. ವಾಣಿ, ಮನೆಯಿಂದಲೇ ಬಾಟಲಿ ಕಳುಹಿಸುವ ಹಾಗೆ ಆದ ದಿನ ನನಗೆ ತಿಳಿಸು.

ವಾಣಿ, 10:22
ಖಂಡಿತ, ದೊಡ್ಡ ಮಾವ.

ಸುಮಿತ್ರಾ, 10:30
ಗುಂಡಿಯ ವಿಷಯ ಡಾಕ್ಟರಿಗೆ ಗೊತ್ತಿದೆ. ಕಳೆದ ಸಲ ನೀವು ಹೊರಗೆ ಹೋದ ಮೇಲೆ ನಾನು ಹೇಳಿದೆ. 33 ಅಲ್ಲ, 31.