ಗೇಮ್ ಡೆವಲಪರ್‌ಗಳ ಸಮುದಾಯಕ್ಕೆ ದಿಕ್ಕು ಕೊಡುವುದು ಹೇಗೆ? – ಅನುಭವ ಹಂಚಿಕೆ

ಪ್ರಶ್ನೆ

ಸ್ವತಂತ್ರವಾಗಿ ಗೇಮ್ ತಯಾರಿಸುವವರ ಆನ್‌ಲೈನ್ ಸಮುದಾಯವೊಂದನ್ನು ನಾವು ಕೆಲವರು ಸೇರಿ ನಡೆಸುತ್ತಿದ್ದೇವೆ. ಸದಸ್ಯರ ಸಂಖ್ಯೆ ಏರುತ್ತಿದ್ದರೂ ಮಾತುಕತೆ ತೆಳುವಾಗುತ್ತಿದೆ. ಯಾವ ಎಂಜಿನ್ (ಗೇಮ್ ಕಟ್ಟಲು ಬಳಸುವ ಸಾಫ್ಟ್‌ವೇರ್) ಕಲಿಯಬೇಕೆಂಬ ಪ್ರಶ್ನೆ ದಿನವೂ ಬರುತ್ತದೆ, ತಮ್ಮ ಗೇಮಿನ ಲಿಂಕ್ ಹಾಕಿ ಹೋದವರು ಮತ್ತೆ ಇತ್ತ ತಲೆಹಾಕುವುದಿಲ್ಲ, ಒಂದೆರಡು ಗೇಮ್ ಬಿಡುಗಡೆ ಮಾಡಿದ ಅನುಭವಿಗಳು ಒಬ್ಬೊಬ್ಬರಾಗಿ ಸುಮ್ಮನಾಗುತ್ತಿದ್ದಾರೆ. ಮುಂದಿನ ದಾರಿಯನ್ನು ನಿರ್ಧರಿಸುವ ಮುನ್ನ, ಇಂಥ ಗುಂಪುಗಳನ್ನು ನಡೆಸಿದವರ ಮತ್ತು ಅವುಗಳಲ್ಲಿ ಬೆಳೆದವರ ಅನುಭವ ತಿಳಿಯಬೇಕೆಂದಿದ್ದೇವೆ.

ಹಿಂದೆ ಮಾಡರೇಟರ್ ಆಗಿದ್ದವರ ಉತ್ತರ

ಸದಸ್ಯರ ಸಂಖ್ಯೆಯನ್ನು ಮೊದಲು ಪಕ್ಕಕ್ಕಿಡಿ. ಆನ್‌ಲೈನ್ ಗುಂಪುಗಳಲ್ಲಿ ನೂರಕ್ಕೆ 90 ಮಂದಿ ಓದುತ್ತಾರಷ್ಟೇ, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಉಳಿದ ಒಬ್ಬರೇ ಹೆಚ್ಚಿನದನ್ನೆಲ್ಲ ಬರೆಯುತ್ತಾರೆ ಎಂಬ ಸ್ಥೂಲ ಸೂತ್ರವನ್ನು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಮುಂದಿಟ್ಟರು. ನಾನು ಕಂಡ ಗುಂಪುಗಳೂ ಹೆಚ್ಚುಕಡಿಮೆ ಹಾಗೆಯೇ ಇದ್ದವು. ಆದ್ದರಿಂದ ಓದುಗರಾಗಿಯೇ ಇರುವವರನ್ನು ಮಾತಾಡಿಸಲು ಹೆಣಗುವುದಕ್ಕಿಂತ, ಬರೆಯುತ್ತಿದ್ದವರು ಏಕೆ ನಿಲ್ಲಿಸಿದರೆಂದು ಅವರನ್ನೇ ಕೇಳುವುದು ಲೇಸು. ನಾವು ಕೇಳಿದಾಗ, ಹೊಸಬರ ಪ್ರಶ್ನೆಗಳ ಬಗ್ಗೆ ದೂರಿದವರು ಕಡಿಮೆ. ಅಪರಿಚಿತರ ಗೇಮನ್ನು ಬಿಡುವು ಮಾಡಿಕೊಂಡು ಆಡಿ, ಎಲ್ಲೆಲ್ಲಿ ಸಿಕ್ಕಿಕೊಂಡೆವೆಂದು ವಿವರವಾಗಿ ಬರೆದರೂ ಅದಕ್ಕೆ ಮರುಮಾತೇ ಬರುವುದಿಲ್ಲ ಎಂಬುದು ಬಹುಪಾಲು ಜನರ ಬೇಸರವಾಗಿತ್ತು.

ಆಗ ನಾವು ಒಂದು ನಿಯಮ ತಂದೆವು. ಅಭಿಪ್ರಾಯ ಕೇಳುವವರು ತಮ್ಮ ಗೇಮ್ ಯಾವ ಹಂತದಲ್ಲಿದೆ, ತಮಗೆ ಯಾವುದರ ಬಗ್ಗೆ ಸಂದೇಹವಿದೆ, ಅಂದರೆ ಜಿಗಿತದ ಎತ್ತರದ ಬಗ್ಗೆಯೇ, ಮೊದಲ ಲೆವೆಲ್‌ನ ಕಷ್ಟದ ಬಗ್ಗೆಯೇ, ಮೆನುವಿನ ಅಕ್ಷರಗಳ ಗಾತ್ರದ ಬಗ್ಗೆಯೇ ಎಂಬುದನ್ನು ಬರೆಯಬೇಕು. ಅದಕ್ಕೂ ಮುನ್ನ ಬೇರೆ ಇಬ್ಬರ ಗೇಮ್ ಆಡಿ ಅಭಿಪ್ರಾಯ ಕೊಟ್ಟಿರಬೇಕು. ಈ ಉಪಾಯ ನಮ್ಮ ಸ್ವಂತದ್ದೇನಲ್ಲ. 2002ರಲ್ಲಿ ಆರಂಭವಾದ ಲುಡಮ್ ಡೇರ್ ಎಂಬ ಗೇಮ್ ಜಾಮ್‌ನಲ್ಲಿ (ಎರಡು ಮೂರು ದಿನಗಳಲ್ಲೇ ಗೇಮ್ ತಯಾರಿಸುವ ಕೂಟದಲ್ಲಿ) ಪ್ರತ್ಯೇಕ ತೀರ್ಪುಗಾರರಿಲ್ಲ. ಭಾಗವಹಿಸಿದವರೇ ಪರಸ್ಪರ ಅಂಕ ಕೊಡುತ್ತಾರೆ. ಅಂತಿಮ ಶ್ರೇಯಾಂಕ ಸಿಗಬೇಕಾದರೆ ಒಂದು ಗೇಮಿಗೆ ಸುಮಾರು 20 ಅಂಕಗಳಾದರೂ ಬಂದಿರಬೇಕು, ಇತರರ ಗೇಮ್ ಆಡಿ ಟಿಪ್ಪಣಿ ಬರೆದವರ ಗೇಮೇ ಹೆಚ್ಚು ಜನರ ಕಣ್ಣಿಗೆ ಬೀಳುವಂತೆ ಅಲ್ಲಿ ಏರ್ಪಾಡಿದೆ. ಕೊಟ್ಟವರಿಗೆ ಸಿಗುತ್ತದೆ ಎಂಬುದು ವ್ಯವಸ್ಥೆಯೊಳಗೇ ಇರುವುದರಿಂದ ಯಾರನ್ನೂ ಗದರಿಸಬೇಕಾಗುವುದಿಲ್ಲ. ನಮ್ಮಲ್ಲೂ ಲಿಂಕ್ ಹಾಕಿ ಓಡುವವರು ತಾವಾಗಿಯೇ ಕಡಿಮೆಯಾದರು. ಕೆಲವರು ಸಿಟ್ಟಾಗಿ ಹೋದದ್ದೂ ಉಂಟು. ಹೋಗಲಿ ಎಂದೇ ಬಿಟ್ಟೆವು.

ಎಂಜಿನ್ ಪ್ರಶ್ನೆಗೆ, ಮಾಡಬೇಕೆಂದಿರುವ ಗೇಮಿನ ಬಗೆ, ಈಗಾಗಲೇ ಗೊತ್ತಿರುವ ಪ್ರೋಗ್ರಾಮಿಂಗ್ ಭಾಷೆ, ಯಾವ ಸಾಧನಕ್ಕೆ ಬಿಡುಗಡೆ ಎಂಬ ಮೂರನ್ನು ಆಧರಿಸಿದ ಒಂದೇ ಪುಟ ಬರೆದಿಟ್ಟು, ಅದನ್ನು ಆಗಾಗ ತಿದ್ದುತ್ತಿದ್ದರೆ ಸಾಕು.

ಹವ್ಯಾಸಕ್ಕಾಗಿ ಗೇಮ್ ಮಾಡುವವರ ಉತ್ತರ

ಅರ್ಧಂಬರ್ಧ ಕೆಲಸವನ್ನು ಸಂಕೋಚವಿಲ್ಲದೆ ತೋರಿಸಬಹುದಾದ ಜಾಗವಿದ್ದರೆ ಅನುಭವಿಗಳು ಉಳಿಯುತ್ತಾರೆ ಎಂಬುದು ನನ್ನ ಅನುಭವ. ಮೈನ್‌ಕ್ರಾಫ್ಟ್‌ನ ತೀರ ಆರಂಭದ ರೂಪವನ್ನು ಅದರ ನಿರ್ಮಾತೃ 2009ರ ಮೇ ತಿಂಗಳಲ್ಲಿ ಟಿಗ್‌ಸೋರ್ಸ್ ಎಂಬ ಸ್ವತಂತ್ರ ಡೆವಲಪರ್‌ಗಳ ಸಮುದಾಯದ ಮುಂದಿಟ್ಟಾಗ ಅದರಲ್ಲಿ ಇದ್ದದ್ದು ಬಹಳ ಕಡಿಮೆ. ಅದೇ ಸಮುದಾಯದಲ್ಲಿ ಲ್ಯೂಕಸ್ ಪೋಪ್ ತಮ್ಮ ಎರಡು ಬಣ್ಣಗಳ ಗೇಮಿನ ಡೆವ್‌ಲಾಗನ್ನು (ತಯಾರಿಕೆಯ ದಿನಚರಿಯನ್ನು) 2014ರಿಂದ 2018ರಲ್ಲಿ ಗೇಮ್ ಬಿಡುಗಡೆಯಾಗುವವರೆಗೂ ಬರೆದರು. ಕ್ಯಾಮೆರಾ ತಿರುಗಿದಾಗ ಪರದೆಯ ಚುಕ್ಕಿಗಳು ಈಜಾಡಿದಂತೆ ಕಾಣುವ ತೊಂದರೆಯೊಂದನ್ನು ಪರಿಹರಿಸಲು ತಾವು ಪಟ್ಟ ಪಾಡನ್ನು ಅವರು ಚಿತ್ರಸಹಿತ ವಿವರಿಸಿದ್ದು, ಬಿಡಿ ಉಪದೇಶಗಳಿಗಿಂತ ಹೆಚ್ಚು ಕಲಿಸುತ್ತದೆ.

ಡೆವ್‌ಲಾಗಿಗೆ ಪ್ರತ್ಯೇಕ ವಿಭಾಗ ತೆರೆಯಿರಿ, ಒಂದು ಗೇಮಿಗೆ ಒಂದೇ ಎಳೆ ಇರಲಿ, ಹೊಸ ಬರಹ ಬಂದಾಗ ಆ ಎಳೆ ಮೇಲೆ ಬರಲಿ. ಹೊಸಬರು ಓದಬೇಕಾದದ್ದು ಇಂಥವುಗಳನ್ನೇ. ಮಾತುಕತೆಯೆಲ್ಲ ಡಿಸ್ಕಾರ್ಡ್‌ನಂಥ ಚಾಟ್‌ಗೆ ಹೋದ ಗುಂಪುಗಳಲ್ಲಿ ಒಳ್ಳೆಯ ಉತ್ತರಗಳು ಒಂದೇ ದಿನದಲ್ಲಿ ಹೂತುಹೋಗುತ್ತವೆ, ಹೊರಗಿನ ಸರ್ಚ್ ಎಂಜಿನ್‌ಗೂ ಸಿಗುವುದಿಲ್ಲ. ಚಾಟ್ ಬೇಡವೆನ್ನುವುದಿಲ್ಲ; ಅಲ್ಲಿ ಬಗೆಹರಿದದ್ದನ್ನು ಕೇಳಿದವರೇ ನಾಲ್ಕು ಸಾಲಿನಲ್ಲಿ ಶಾಶ್ವತ ಪುಟಕ್ಕೆ ಬರೆದಿಡುವ ರೂಢಿ ಇರಬೇಕು.

ಗೇಮ್‌ಗಳಿಗೆ ಸಂಗೀತ ಮತ್ತು ಧ್ವನಿ ಮಾಡುವವರ ಉತ್ತರ

ಮೇಲಿನ ಇಬ್ಬರೂ ಪ್ರೋಗ್ರಾಮರ್‌ಗಳ ಕಣ್ಣಿನಿಂದ ನೋಡಿದ್ದಾರೆ. ಇಂಥ ಸಮುದಾಯಗಳಿಗೆ ಚಿತ್ರಕಾರರೂ ಧ್ವನಿ ಮಾಡುವವರೂ ಬಂದಾಗ ಅವರಿಗೆ ಮೊದಲು ಎದುರಾಗುವುದು "ಅದ್ಭುತ ಐಡಿಯಾ ಇದೆ, ಮಾಡಿಕೊಡುವವರು ಬೇಕು, ಲಾಭ ಬಂದರೆ ಪಾಲು ಕೊಡುತ್ತೇವೆ" ಎಂಬ ಜಾಹೀರಾತು. ನಾಲ್ಕಾರು ಇಂಥವನ್ನು ಓದಿದ ಮೇಲೆ ಯಾರೂ ನಿಲ್ಲುವುದಿಲ್ಲ. ನಾನು ಈಗಿರುವ ಗುಂಪಿನಲ್ಲಿ, ಸಹಾಯ ಕೇಳುವವರ ಬಳಿ ಬೂದು ಚೌಕಗಳಲ್ಲಾದರೂ ಸರಿ, ಆಡಬಹುದಾದ ಒಂದು ಪ್ರೋಟೋಟೈಪ್ ಇರಲೇಬೇಕು; ಸಂಬಳವೇ, ಪಾಲೇ, ಉಚಿತವೇ ಎಂಬುದು ಶೀರ್ಷಿಕೆಯಲ್ಲೇ ಇರಬೇಕು; ಕೆಲಸ ಅರ್ಧಕ್ಕೆ ನಿಂತರೆ ಸಂಗೀತದ ಹಕ್ಕು ಯಾರದೆಂಬುದನ್ನೂ ಮೊದಲೇ ಬರೆಯಬೇಕು. ಜಾಹೀರಾತುಗಳು ವಿರಳವಾದವು, ಉಳಿದವುಗಳಿಗೆ ಜನ ಸಿಗತೊಡಗಿದರು.

ಗೇಮ್ ಜಾಮ್‌ಗಳ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಸಮುದಾಯ ಸೊರಗಿತೆಂದರೆ ಜಾಮ್ ನಡೆಸೋಣ ಎನ್ನುವುದು ಎಲ್ಲ ಕಡೆಯ ಚಾಳಿ. 48 ಗಂಟೆ ಬಿಡುವು ಮಾಡಿಕೊಳ್ಳಲು ಉದ್ಯೋಗಸ್ಥರಿಗೂ ಪುಟ್ಟ ಮಕ್ಕಳಿರುವವರಿಗೂ ಆಗುವುದಿಲ್ಲ. ಜಾಮ್ ಮುಗಿದ ಮರುವಾರ ಗುಂಪು ಮತ್ತೆ ಖಾಲಿ. ಆರಂಭಿಸುವ ಅಭ್ಯಾಸ ಬೆಳೆಯುತ್ತದೆಯೇ ಹೊರತು ಮುಗಿಸುವ ಅಭ್ಯಾಸವಲ್ಲ. ಲುಡಮ್ ಡೇರ್‌ನವರೇ ಒಂದು ಕಾಲಕ್ಕೆ ಅಕ್ಟೋಬರ್ ಚಾಲೆಂಜ್ ನಡೆಸುತ್ತಿದ್ದರು: ಒಂದು ಗೇಮನ್ನು ಪೂರ್ತಿಗೊಳಿಸಿ, ಮಾರಾಟಕ್ಕಿಟ್ಟು, ಒಂದು ಡಾಲರ್ ಸಂಪಾದಿಸುವುದಷ್ಟೇ ಗುರಿ. ಜಾಮ್ ನಡೆಸುವುದೇ ಆದರೆ ಅದರ ಬೆನ್ನಿಗೆ ಹೀಗೊಂದು ಮುಗಿಸುವ ತಿಂಗಳನ್ನೂ ಇಟ್ಟುಕೊಳ್ಳಿ.

ಹಲವು ಎಂಜಿನ್‌ಗಳಲ್ಲಿ ಕೆಲಸ ಮಾಡಿದವರ ಉತ್ತರ

ಸಮುದಾಯವನ್ನು ಒಂದೇ ಎಂಜಿನ್‌ಗೆ ಕಟ್ಟಿಹಾಕಬೇಡಿ. ಮೈಕ್ರೋಸಾಫ್ಟ್‌ನ ಗೇಮ್ ತಯಾರಿಕೆಯ ಸಾಧನವಾದ ಎಕ್ಸ್‌ಎನ್‌ಎ ಅಭಿವೃದ್ಧಿ ನಿಂತಿರುವುದು 2013ರಲ್ಲಿ ಬಹಿರಂಗವಾಯಿತು, ಬ್ರೌಸರ್ ಗೇಮ್‌ಗಳಿಗೆ ಬಳಸುತ್ತಿದ್ದ ಫ್ಲ್ಯಾಶ್‌ಗೆ ಅಡೋಬಿ 2020ರ ಡಿಸೆಂಬರ್ 31ರಂದು ಬೆಂಬಲ ಮುಗಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಎಂಜಿನ್‌ನ ಕಂಪನಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ಪ್ರಕಟಿಸಿದಾಗ ಅನೇಕರು ಗೊಡೊ ಮುಂತಾದ ಬೇರೆ ಎಂಜಿನ್‌ಗಳ ಕಡೆಗೆ ಹೊರಳಿದರು. ಒಂದು ವರ್ಷದ ಬಳಿಕ ಗೇಮ್‌ಗಳ ಮೇಲಿನ ಆ ಶುಲ್ಕ ರದ್ದಾಯಿತು, ಹೊರಳಿದವರೆಲ್ಲ ಹಿಂದಿರುಗಲಿಲ್ಲ. ವಿಭಾಗಗಳನ್ನು ಎಂಜಿನ್ ಹೆಸರಿನಲ್ಲಿ ಮಾಡದೆ, ಲೆವೆಲ್ ವಿನ್ಯಾಸ, ಧ್ವನಿ, ಪ್ಲೇಟೆಸ್ಟ್ (ಇತರರಿಂದ ಆಡಿಸಿ ನೋಡುವುದು), ಬಿಡುಗಡೆ ಎಂದು ಕೆಲಸಗಳ ಹೆಸರಿನಲ್ಲಿ ಮಾಡಿದರೆ ಇಂಥ ವಲಸೆಯಲ್ಲಿ ಗುಂಪು ಒಡೆಯುವುದಿಲ್ಲ.

ಮತ್ತೆ ಮೊದಲ ಉತ್ತರ ಕೊಟ್ಟವರು

ಜಾಮ್ ಕುರಿತ ಮಾತನ್ನು ಒಪ್ಪುತ್ತೇನೆ. ಇಷ್ಟೆಲ್ಲವನ್ನೂ ಒಟ್ಟಿಗೆ ಜಾರಿಗೆ ತಂದರೆ ಯಾವುದರಿಂದ ಏನಾಯಿತೆಂದು ತಿಳಿಯದು. ನಿಮ್ಮ ಸದ್ಯದ ತೊಂದರೆ ಅನುಭವಿಗಳ ಮೌನವಾದ್ದರಿಂದ ಅಭಿಪ್ರಾಯ ವಿನಿಮಯದ ನಿಯಮವನ್ನು ಮೊದಲು, ಮೂರು ತಿಂಗಳ ಅವಧಿಗೆಂದು ಸ್ಪಷ್ಟವಾಗಿ ಹೇಳಿಯೇ ತನ್ನಿ. ಅವಧಿ ಮುಗಿದಾಗ ಅಭಿಪ್ರಾಯ ಪಡೆದ ಗೇಮ್‌ಗಳಲ್ಲಿ ಎಷ್ಟು ಹೊಸ ಬಿಲ್ಡ್‌ನೊಂದಿಗೆ (ತಿದ್ದಿದ ಆವೃತ್ತಿಯೊಂದಿಗೆ) ಮರಳಿ ಬಂದವೆಂದು ಎಣಿಸಿ. ಈ ನಡುವೆ ಡೊಮೇನ್, ಸರ್ವರ್ ಮತ್ತು ಬ್ಯಾಕಪ್‌ನ ಪಾಸ್‌ವರ್ಡ್‌ಗಳು ಒಬ್ಬರಲ್ಲಷ್ಟೇ ಇದ್ದರೆ, ಇನ್ನೊಬ್ಬರಿಗೂ ಈ ವಾರವೇ ಒಪ್ಪಿಸಿಬಿಡಿ.