ಊತವೂ ಇಲ್ಲದ, ಉರಿಯೂ ಇಲ್ಲದ ‘ಉರಿಯೂತ’ಕ್ಕೆ ಏನೆನ್ನಬೇಕು?

ಮಾನ್ಯರೇ,

ಎಚ್‌ಐವಿಯೊಂದಿಗೆ ಬದುಕುತ್ತಿರುವವರಿಗಾಗಿ ಹೃದಯದ ಆರೋಗ್ಯ ಕುರಿತ ಎರಡು ಪುಟದ ಕರಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕಾಗಿದೆ. ‘ಕ್ರಾನಿಕ್ ಇನ್‌ಫ್ಲಮೇಷನ್’ ಎಂಬುದನ್ನು ನಮ್ಮ ವೈದ್ಯಕೀಯ ಬರಹಗಳು ‘ದೀರ್ಘಕಾಲೀನ ಉರಿಯೂತ’ ಎನ್ನುತ್ತವೆ. ನಾನೂ ಮೊದಲ ಕರಡಿನಲ್ಲಿ ಹಾಗೆಯೇ ಬರೆದಿದ್ದೆ.

ಉರಿಯೂತ ಒಳ್ಳೆಯ ಪದವೆಂಬುದರಲ್ಲಿ ನನಗೆ ಸಂಶಯವಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವೈದ್ಯಕೀಯ ಬರಹಗಾರ ಸೆಲ್ಸಸ್ ಹೇಳಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಕೀಲಿಗೆ, ಕರುಳುವಾಳಕ್ಕೆ, ಉಳುಕಿದ ಕಾಲಿಗೆ ಅದು ಸರಿಯಾಗಿ ಹೊಂದುತ್ತದೆ. ಆದರೆ ಎಚ್‌ಐವಿ ಇರುವವರ ಮೈಯೊಳಗೆ ನಡೆಯುವುದು ಕಣ್ಣಿಗೂ ಕಾಣದ, ಕೈಗೂ ಸಿಗದ ಸಂಗತಿ. ಸೋಂಕಿನ ಮೊದಲ ವಾರಗಳಲ್ಲೇ ವೈರಾಣು ಕರುಳಿನ ಗೋಡೆಯಲ್ಲಿರುವ, ಸೋಂಕಿನ ವಿರುದ್ಧ ಹೋರಾಡುವ ಸಿಡಿ4 ಕಣಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಲ್ಲುವುದರಿಂದ ಆ ಗೋಡೆ ದುರ್ಬಲಗೊಂಡು, ಬ್ಯಾಕ್ಟೀರಿಯಾದ ಅಂಶಗಳು ರಕ್ತಕ್ಕೆ ಜಿನುಗುತ್ತವೆ. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಯಿಂದ ವೈರಲ್ ಲೋಡ್ (ರಕ್ತದಲ್ಲಿನ ವೈರಾಣುವಿನ ಪ್ರಮಾಣ) ಪತ್ತೆಯಾಗದಷ್ಟು ಇಳಿದ ಮೇಲೂ ಈ ಹಾನಿ ಪೂರ್ತಿ ಸರಿಹೋಗದೆ, ರೋಗನಿರೋಧಕ ಕಣಗಳು ಸದಾ ಎಚ್ಚೆತ್ತುಕೊಂಡೇ ಇರುತ್ತವೆ, ರಕ್ತನಾಳದ ಒಳಗೋಡೆಯಲ್ಲಿ ಕೊಲೆಸ್ಟರಾಲ್ ಜೊತೆ ಸೇರಿಕೊಂಡು ಕೊನೆಗೆ ಹೃದಯಾಘಾತಕ್ಕೂ ದಾರಿ ಮಾಡಬಲ್ಲವು. ಉಳಿದವರಿಗೆ ಹೋಲಿಸಿದರೆ ಇವರಲ್ಲಿ ಹೃದಯ ಕಾಯಿಲೆಯ ಸಂಭವ ಸುಮಾರು ಎರಡು ಪಟ್ಟು. (ಇಲ್ಲಿ ‘ಅಪಾಯ’ ಎನ್ನದೆ ‘ಸಂಭವ’ ಎಂದಿದ್ದೇನೆ. ಅಪಾಯವೆಂದರೆ ಓದುವವರಿಗೆ ಅದು ಈಗಲೇ ಬಂದೆರಗಿದಂತೆ ಕೇಳಿಸುತ್ತದೆ.)

ಈ ಕರಡನ್ನು ಆಪ್ತಸಮಾಲೋಚಕಿಯೊಬ್ಬರು ಓದಿ ಹೇಳುವಾಗ ನಾನು ಪಕ್ಕದಲ್ಲಿದ್ದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮಾತ್ರೆ ತಪ್ಪಿಸದ ಮಹಿಳೆಯೊಬ್ಬರು ‘ಉರಿಯೂತ’ ಎಂದ ಕೂಡಲೇ ಬಗ್ಗಿ, ಪಾದದ ಮೇಲೆ ಹೆಬ್ಬೆರಳು ಒತ್ತಿ, ಗುಳಿ ಬೀಳುತ್ತದೆಯೇ ಎಂದು ನೋಡಿಕೊಂಡರು. “ಎಲ್ಲೂ ಊದಿಲ್ಲವಲ್ಲ ಮೇಡಂ” ಎಂದವರು ಸ್ವಲ್ಪ ತಡೆದು, “ಮಾತ್ರೆ ಉಷ್ಣ ಅಂತ ನಮ್ಮಮ್ಮ ಹೇಳ್ತಾನೇ ಇದ್ರು. ಎರಡು ದಿನ ಮಾತ್ರೆ ಬಿಟ್ಟು ಎಳನೀರು ಕುಡಿದ್ರೆ ಇಳಿಯುತ್ತಾ?” ಎಂದು ಕೇಳಿದರು.

ಆ ಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು. ಉರಿಯಿಂದ ಉಷ್ಣಕ್ಕೆ, ಉಷ್ಣದಿಂದ ಮಾತ್ರೆ ಬಿಡುವುದಕ್ಕೆ ಕನ್ನಡದಲ್ಲಿ ಎರಡೇ ಹೆಜ್ಜೆ. ಆದರೆ 2006ರಲ್ಲಿ ಪ್ರಕಟವಾದ ‘ಸ್ಮಾರ್ಟ್’ ಅಧ್ಯಯನ ತೋರಿಸಿದ್ದು ಇದಕ್ಕೆ ತದ್ವಿರುದ್ಧವಾದದ್ದನ್ನು. ಐದು ಸಾವಿರಕ್ಕೂ ಹೆಚ್ಚು ಜನರಿದ್ದ ಆ ಅಧ್ಯಯನದಲ್ಲಿ, ಸಿಡಿ4 ಎಣಿಕೆ ನೋಡಿಕೊಂಡು ನಡುನಡುವೆ ಮಾತ್ರೆ ನಿಲ್ಲಿಸಿದವರಲ್ಲಿ ಸಾವೂ ಹೃದಯದ ತೊಂದರೆಯೂ ಹೆಚ್ಚಾದವು. ಹಾಗಾಗಿ ನಾನು ಕೇಳುತ್ತಿರುವುದು ಪದದ ಅಂದವನ್ನು ಕುರಿತಲ್ಲ.

ಬೇರೆ ಪದಗಳನ್ನು ತೂಗಿ ನೋಡಿದ್ದೇನೆ. ‘ಶೋಥ’ವೂ ಊತವೇ. ‘ಪ್ರದಾಹ’ ಎಂದರೆ ನಮ್ಮಲ್ಲಿ ಬಾಯಾರಿಕೆಯ ನೆನಪಾಗುತ್ತದೆ. ‘ನಂಜು’ ಜನರ ಬಾಯಲ್ಲಿರುವ ಪದವಾದರೂ ಅದರಲ್ಲಿ ವಿಷದ ಅರ್ಥವಿದೆ, ಈಗಾಗಲೇ ಸಾಕಷ್ಟು ಕಳಂಕ ಹೊತ್ತವರಿಗೆ ನಿಮ್ಮ ರಕ್ತ ನಂಜಾಗಿದೆ ಎಂದು ಬರೆದುಕೊಡಲು ನನಗೆ ಮನಸ್ಸಿಲ್ಲ. ‘ಬೂದಿ ಮುಚ್ಚಿದ ಕೆಂಡ’ ಚಿತ್ರವಾಗಿ ಬಹಳ ಹತ್ತಿರ ಬರುತ್ತದೆ, ಆದರೆ ಪತ್ರಿಕೆಗಳು ಅದನ್ನು ಗಲಭೆಯ ಊರುಗಳಿಗೆ ಬಳಸಿ ಬಳಸಿ, ಇನ್ನೇನು ಭುಗಿಲೇಳುತ್ತದೆ ಎಂಬ ಅರ್ಥವನ್ನು ಅಂಟಿಸಿಬಿಟ್ಟಿವೆ.

ನನ್ನ ಮನಸ್ಸು ಈಗ ‘ಕೆರಳು’ ಧಾತುವಿನ ಕಡೆಗಿದೆ. ಗಾಯ ಕೆರಳಿತು, ಹುಣ್ಣು ಕೆರಳಿದೆ ಎಂದು ಮನೆಗಳಲ್ಲಿ ಹೇಳುವುದುಂಟು. ಅಲ್ಲಿ ಊತವಿರಲೇಬೇಕೆಂಬ ನಿಯಮವಿಲ್ಲ, ಕೆರಳಿಸಿದ್ದು ಯಾವುದೋ ಇದೆ ಎಂಬ ಸೂಚನೆಯೂ ಇದೆ. ‘ದೀರ್ಘಕಾಲೀನ’ದ ಬದಲು ‘ಬಿಡದ ಕೆಮ್ಮು’, ‘ಬಿಡದ ಜ್ವರ’ ಎನ್ನುವಂತೆ ‘ಬಿಡದ ಕೆರಳಿಕೆ’ ಎನ್ನಬಹುದೇ? ‘ವೈರಾಣು ಅಡಗಿದ ಮೇಲೂ ನಿಮ್ಮ ರಕ್ತನಾಳಗಳಲ್ಲಿ ಬಿಡದ ಕೆರಳಿಕೆ ಉಳಿದಿರುತ್ತದೆ, ಮಾತ್ರೆ ಅದನ್ನು ಹೆಚ್ಚಿಸುವುದಿಲ್ಲ, ತಗ್ಗಿಸುತ್ತದೆ’ ಎಂಬ ವಾಕ್ಯ ನಿಮಗೆ ಸಹಜವಾಗಿ ಕೇಳಿಸುತ್ತದೆಯೇ? ಸಿಟ್ಟಿನ ಅರ್ಥ ನಡುವೆ ಬಂದು ತೊಡಕು ಮಾಡೀತೇ ಎಂಬುದಷ್ಟೇ ನನ್ನ ಅಳುಕು. ವೈದ್ಯರಿಗಾಗಿ ಬರೆಯುವಲ್ಲಿ ಉರಿಯೂತವೇ ಇರಲಿ.

ಭಾರತವೂ ಸೇರಿ 12 ದೇಶಗಳಲ್ಲಿ ಎಚ್‌ಐವಿ ಇರುವ 7,769 ಜನರ ಮೇಲೆ ನಡೆದ ‘ರಿಪ್ರೀವ್’ ಪ್ರಯೋಗದಲ್ಲಿ, ಕೊಲೆಸ್ಟರಾಲ್ ಇಳಿಸುವ ಪಿಟಾವಸ್ಟ್ಯಾಟಿನ್ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗಿದ್ದರಿಂದ ಹೃದಯಾಘಾತ, ಪಾರ್ಶ್ವವಾಯುವಿನಂತಹ ಘಟನೆಗಳು 35 ಶೇಕಡಾ ಕಡಿಮೆಯಾದವೆಂದು 2023ರಲ್ಲಿ ತಿಳಿದುಬಂತು. ಇನ್ನು ಮುಂದೆ ಎಆರ್‌ಟಿ ಜೊತೆ ಇನ್ನೊಂದು ಮಾತ್ರೆ ಏಕೆ ಎಂದು ಕೇಳುವವರಿಗೆ ಇನ್‌ಫ್ಲಮೇಷನ್‌ಗೆ ಒಂದು ಪದವಿಲ್ಲದೆ ಉತ್ತರ ಹೇಳಲಾಗುವುದಿಲ್ಲ.

ನಿಮ್ಮ ಕಡೆ ಊದದೆ, ಉರಿಯದೆ, ಒಳಗೊಳಗೇ ಉಳಿದುಕೊಂಡ ಕಾಯಿಲೆಗೆ ಏನೆನ್ನುತ್ತಾರೆ? ಕಲಬುರಗಿ, ಧಾರವಾಡ, ಕರಾವಳಿ, ಚಾಮರಾಜನಗರ ಕಡೆಯವರು ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ವಾಕ್ಯವನ್ನು ಹಾಗೆಯೇ ಬರೆದು ಕಳಿಸಿದರೆ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ.